ಎರೆ ಬಾಯಿ ಬಿಡುವ ಮುನ್ನ

ಮೊನ್ನೆ ಭಾನುವಾರ ತಂಗಿಯ ಮಗಳು ನಮ್ಮ ಹಜಾರದಲ್ಲಿ ಕೂತು ಉಗುರಿನ ಹಳೇ ಬಣ್ಣ ಅಳಿಸುವ ಶೀಶೆಯ ಮುಚ್ಚಳ ತೆಗೆದಳು. ನಾನು ಅಡುಗೆಮನೆಯಿಂದ ಓಡಿಬಂದು ಕಿಟಕಿ ಬಾಗಿಲೆಲ್ಲ ತೆರೆದೆ, ಅವಳ ಕೈಯಿಂದ ಶೀಶೆ ಕಿತ್ತುಕೊಂಡು ಮೆಟ್ಟಿಲ ಮೇಲೆ ಇಟ್ಟು ಬಂದೆ. ‘ಏನ್ ದೊಡ್ಡಮ್ಮ, ನಾನೇನು ಬಾಂಬ್ ತಂದಿದ್ದೀನಾ?’ ಎಂದು ಅವಳು ಮುಖ ಊದಿಸಿಕೊಂಡಳು. ಅವಳದೇನೂ ತಪ್ಪಿಲ್ಲ. ಅತಿಯಾಗಿ ಹಣ್ಣಾದ ಬಾಳೆಹಣ್ಣಿನಂಥ ಆ ಸಿಹಿ ವಾಸನೆ ಮೂಗಿಗೆ ಬಿದ್ದರೆ ಸಾಕು, ನಾನು ಯಾದಗಿರಿ ಜಿಲ್ಲೆಯ ಒಂದು ಹೊಲದ ಬದುವಿನ ಮೇಲೆ ನಿಂತಿರುತ್ತೇನೆ. ಅವಳಿಗೆ ಐಸ್‌ಕ್ರೀಮ್ ಕೊಡಿಸಿ ಸಮಾಧಾನ ಮಾಡುವ ಹೊತ್ತಿಗೆ ಸಂಜೆಯಾಯಿತು.

ನಾನು ಮಣ್ಣು ಪರೀಕ್ಷೆ ಮಾಡುವವಳು. ಹುಟ್ಟಿದ್ದು ಮಂಡ್ಯದ ಕಡೆ, ಓದಿದ್ದು ರಸಾಯನಶಾಸ್ತ್ರ, ಹೊಟ್ಟೆಪಾಡು ಕೆಟ್ಟ ನೆಲಗಳದ್ದು. ಕಾರ್ಖಾನೆಯ ಹೊಲಸು ತುಂಬಿದ ಜಾಗ ಇದ್ದರೆ ನಮ್ಮ ಕಂಪನಿಯನ್ನು ಕರೆಯುತ್ತಾರೆ. ವಿಷ ಎಷ್ಟು ಆಳಕ್ಕೆ ಇಳಿದಿದೆ, ಅಗೆದು ತೆಗೆಯಬಹುದೋ ಅಥವಾ ಅಲ್ಲೇ ಮುಚ್ಚಿ ಬೇಲಿ ಹಾಕಬೇಕೋ ಎಂದು ಬರೆದುಕೊಡುವುದು ನನ್ನ ಕೆಲಸ. ಎಷ್ಟೋ ಕಡೆ ಬರೆದುಕೊಟ್ಟಿದ್ದೇನೆ, ಬಂದು ಉಂಡು ಮಲಗಿದ್ದೇನೆ. ಆ ಒಂದು ಬೇಸಿಗೆ ಮಾತ್ರ ನನ್ನನ್ನು ಬಿಟ್ಟು ಹೋಗಿಲ್ಲ.

ಸಂಕ್ರಾಂತಿ ಕಳೆದ ವಾರದಲ್ಲಿ ಎರಡು ಪೆಟ್ಟಿಗೆ ಶೀಶೆ, ಒಂದು ಚೀಲ ಬಟ್ಟೆ ಹಿಡಿದು ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದೆ. ಸ್ಟೇಷನ್ನಿಗೆ ಹತ್ತಿರದಲ್ಲೇ ಒಂದು ಕೋಣೆ ಹಿಡಿದೆ. ದಿನಾ ಬೆಳಿಗ್ಗೆ ಜೀಪಿನಲ್ಲಿ ಕಡೇಚೂರು ದಾಟಿ ಆಚೆಗೆ ಒಂದು ಊರಿಗೆ ಹೋಗುವುದು. ಆ ಊರಿನ ಹೆಸರು ಬರೆಯುವುದಿಲ್ಲ, ಹಾಗೆಂದು ಅವರಿಗೆ ಮಾತು ಕೊಟ್ಟಿದ್ದೇನೆ. ಹೆಸರು ಹೊರಗೆ ಬಿದ್ದರೆ ಅಲ್ಲಿನ ಹತ್ತಿ ತೊಗರಿಯನ್ನು ಯಾರೂ ಮುಟ್ಟುವುದಿಲ್ಲ ಎಂಬ ಅವರ ಹೆದರಿಕೆ ಸುಳ್ಳಲ್ಲ.

ಹೊಲ ಶರಣಮ್ಮನದು. ಐವತ್ತೈದು ದಾಟಿದ ಹೆಂಗಸು, ಗಂಡ ಹೋಗಿ ಬಹಳ ವರ್ಷ, ಒಬ್ಬಳೇ ಮಗಳನ್ನು ಗುರುಮಠಕಲ್ಲಿಗೆ ಕೊಟ್ಟಿದ್ದಳು. ಮೂರು ಎಕರೆ ಎರೆ, ಅಂದರೆ ಆ ಸೀಮೆಯ ಕಪ್ಪು ಜಿಗುಟು ಮಣ್ಣು. ಅದರ ಕೆಳಗಿನ ಮೂಲೆ ತಗ್ಗು, ಮಳೆಗಾಲದಲ್ಲಿ ನೀರು ನಿಂತು ಬೆಳೆ ಕೊಳೆಯುತ್ತಿತ್ತು. ತಗ್ಗಿನ ಒಂದು ಬದಿಗೆ ಮಾವ ತೋಡಿಸಿದ್ದ, ಈಗ ಬತ್ತಿದ, ಕಲ್ಲು ಕಟ್ಟಿದ ಬಾವಿ. ನಾನು ಹೋಗುವುದಕ್ಕೆ ನಾಲ್ಕು ವರ್ಷ ಹಿಂದೆ ಯಾವನೋ ಗುತ್ತಿಗೆದಾರ ಬಂದು, ತಗ್ಗನ್ನು ಪುಕ್ಕಟೆ ತುಂಬಿಸಿ ಸಮ ಮಾಡಿಕೊಡುತ್ತೇನೆ ಎಂದಿದ್ದ. ಬಾವಿಯನ್ನೂ ಸೇರಿಸಿ ತುಂಬಿಸಿ ಹೋದವನು ಮತ್ತೆ ಸಿಗಲಿಲ್ಲ. ಅವನು ಕೊಟ್ಟಿದ್ದ ಹೆಸರೂ ಸುಳ್ಳು. ಹೊಲಸು ಯಾವ ರಾಜ್ಯದ ಯಾವ ಕಾರ್ಖಾನೆಯದು ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

‘ಹಾಕ್ರಿ ಅಂದೆ ನೋಡವಾ, ಒಂದ ಮಾತು,’ ಎಂದು ಮೊದಲ ದಿನವೇ ಶರಣಮ್ಮ ನನಗೆ ಹೇಳಿದಳು. ‘ಮಗಳ ಬಾಣಂತನಕ್ಕ ಹೋಗೋ ಗಡಿಬಿಡ್ಯಾಗ ಇದ್ದೆ. ಏನ್ ಹಾಕ್ತೀರಿ ಅಂತ ಕೇಳಲಿಲ್ಲ. ಮೂರು ತಿಂಗಳು ಬಿಟ್ಟು ಬಂದು ನೋಡ್ತೀನಿ, ಹೊಲ ಸಾಪಾಗಿತ್ತು. ಮ್ಯಾಲ ಕೆಂಪು ಗರಸು ಮಣ್ಣು. ಖುಷಿ ಆತು ನಂಗ. ಮಂದಿನ್ನ ಕರದು ತೋರಿಸೀನಿ.’

ಮರುವರ್ಷ ಪಕ್ಕದ ಹೊಲದ ಬೋರಿನಲ್ಲಿ ವಾಸನೆ ಶುರುವಾಯಿತು. ಆ ಹೊಲ ಅವಳ ಮೈದುನ ಸಿದ್ದಪ್ಪನದು. ಅವನ ಎರಡು ಎಮ್ಮೆ ಸತ್ತವು. ಊರಿನ ಕೈಪಂಪಿನವರೆಗೂ ವಾಸನೆ ಬಂದ ಮೇಲೆ ಸರಕಾರದ ಟ್ಯಾಂಕರು ನೀರು ತರತೊಡಗಿತು, ಶರಣಮ್ಮನಿಗೆ ಊರಿನಲ್ಲಿ ‘ನೀರ ಕೆಡಿಸಿದಾಕಿ’ ಎಂಬ ಹೆಸರು ಬಂತು. ಅವಳ ಮನೆಯಲ್ಲಿ ಯಾರೂ ನೀರು ಮುಟ್ಟಲಿಲ್ಲ. ಅವಳೂ ಊರು ಬಿಟ್ಟು ಹೊಲದ ಬದುವಿನ ತಗಡಿನ ಶೆಡ್ಡಿಗೆ ಬಂದು ಕೂತಳು. ಮೂರು ವರ್ಷ ಹಾಗೇ ಕೂತಿದ್ದಳು.

ಅಳುವವರನ್ನು ನಾನು ನಂಬುವುದಿಲ್ಲ, ಅದು ನನ್ನ ಕೆಟ್ಟ ಗುಣ. ಅವಳು ಅಳಲಿಲ್ಲ, ಅದಕ್ಕೇ ಮೊದಲ ದಿನವೇ ಹಿಡಿಸಿದಳು. ಆದರೆ ಹಿಡಿಸುವುದು ಬೇರೆ, ವರದಿ ಬೇರೆ. ಹತ್ತು ದಿನ ಅಂಚುಗಳಲ್ಲಿ ಮಣ್ಣು ತೆಗೆದು ನೋಡಿ ನಾನು ಬರೆದದ್ದು ಮುಚ್ಚಬೇಕು ಎಂದು. ಮುಚ್ಚುವುದು ಎಂದರೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಜೇಡಿ ಬಡಿದು, ಸುತ್ತ ತಂತಿ ಬೇಲಿ ಹಾಕಿ ಫಲಕ ನೆಡುವುದು. ಆ ನೆಲಕ್ಕೆ ಮತ್ತೆ ನೇಗಿಲು ಇಲ್ಲ. ನನ್ನ ಕಾರಣವೂ ಪುಸ್ತಕದ ಪ್ರಕಾರ ಸರಿಯಾಗಿಯೇ ಇತ್ತು. ಎರೆಮಣ್ಣು ಒಣಗಿದರೆ ಆಳುದ್ದ ಬಿರುಕು ಬಿಡುತ್ತದೆ, ಮೇಲೆ ಸುರಿದ ವಿಷ ಆ ಬಿರುಕುಗಳಲ್ಲಿ ಇಳಿದು ಎಲ್ಲಿಗೋ ಹೋಗಿರುತ್ತದೆ, ಅಗೆದು ಮುಗಿಸುವ ಮಾತೇ ಇಲ್ಲ.

ಇದನ್ನು ಅವಳಿಗೆ ಹೇಳುವುದು ನನ್ನ ಕರ್ತವ್ಯವಾಗಿತ್ತು. ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

‘ಅಂದ್ರ ನಾ ಸತ್ತ ಮ್ಯಾಲೂ ಬೇಲಿ ಇರ್ತದ,’ ಎಂದಳು. ‘ಹಾದಿ ಹಿಡಿದು ಹೋಗೋ ಮಂದಿ ಕೈ ಮಾಡಿ ತೋರಿಸ್ತಾರ, ಅದು ನೋಡು ಶರಣಮ್ಮ ಕೆಡಿಸಿದ ನೆಲ ಅಂತ. ಹೌದಿಲ್ಲೋ?’

‘ನಾನೇನು ಮಾಡಲಿ ಶರಣಮ್ಮ, ಅದು ಲೆಕ್ಕ.’

‘ನಡುವ ಅಗದು ನೋಡೀಯೇನು?’

‘ಒಳಗೆ ಡ್ರಮ್ಮುಗಳಿರಬಹುದು. ಬೋರು ಹಾಕೋದು ಅಪಾಯ. ಅಂಚಿನಲ್ಲಿ ನೋಡಿದ್ದೇನೆ.’

‘ಹಂಗಾರ ನೋಡಿಲ್ಲ,’ ಎಂದಳು. ‘ನಾನೂ ನೋಡಲಾರದ ಹಾಕ್ರಿ ಅಂದೆ, ನೀನೂ ನೋಡಲಾರದ ಮುಚ್ರಿ ಅನ್ನಾಕತ್ತಿ. ನಂಗರ ಓದು ಬರಂಗಿಲ್ಲವಾ.’

ನನಗೆ ಮೈಯೆಲ್ಲ ಉರಿಯಿತು. ನಮ್ಮ ಕಡೆ ಇಷ್ಟು ನೇರವಾಗಿ ಯಾರೂ ಮಾತಾಡುವುದಿಲ್ಲ, ಸುತ್ತಿ ಬಳಸಿ ಹೇಳುತ್ತಾರೆ. ಜೀಪು ಹತ್ತಿ ಯಾದಗಿರಿ ಮುಟ್ಟುವವರೆಗೂ ಅವಳನ್ನು ಮನಸ್ಸಿನಲ್ಲೇ ಬೈದೆ. ಕೋಣೆಗೆ ಬಂದು ನಮ್ಮ ಮೇಲಿನ ಸಾಹೇಬರಿಗೆ ಫೋನ್ ಮಾಡಿ, ವರದಿ ತಡೆಹಿಡಿಯಿರಿ, ನಡುವೆ ಅಗೆದು ನೋಡಬೇಕು ಎಂದೆ. ಅವರು ಬಹಳ ಹೊತ್ತು ಗೊಣಗಿದರು. ಕೊನೆಗೆ, ಜೂನ್ ಮೊದಲಿಗೆ ಬರುವ ಮಿರಗ ಮಳೆ ಕೂಡುವುದರೊಳಗೆ ತಳ ಶುದ್ಧ ಎಂದು ತೋರಿಸಿದರೆ ಸರಿ, ಇಲ್ಲವಾದರೆ ಮುಚ್ಚುವುದೇ ಎಂದರು. ಮಳೆಗೆ ಗುಂಡಿ ತೆರೆದಿದ್ದರೆ ಹೊಲಸೆಲ್ಲ ಹಳ್ಳಕ್ಕೆ ಹೋಗುತ್ತದೆ, ಹಳ್ಳ ಭೀಮೆಗೆ ಹೋಗುತ್ತದೆ. ಅವರು ಹೇಳಿದ್ದು ನ್ಯಾಯವೇ.

ಅಗೆಯುವ ಯಂತ್ರದ ಜೊತೆ ಬಂದವನು ಖಾಜಾಸಾಬ, ಸುರಪುರದ ಪಕ್ಕದ ರಂಗಂಪೇಟೆಯವನು. ತೆಳ್ಳಗಿನ ಆಳು, ಬಿಳಿ ಗಡ್ಡ, ಕಾಲುವೆ ಕೆಲಸದಲ್ಲಿ ಮುಪ್ಪಾದವನು. ಮುಖವಾಡ, ಬಿಳಿ ಅಂಗಿ, ಎರಡು ಜೊತೆ ಕೈಗವಸು ಹಾಕಿಕೊಳ್ಳಬೇಕು ಎಂದಾಗ ಎಲ್ಲ ಆಳುಗಳೂ ತಕರಾರು ಮಾಡಿದರೆ ಅವನು ಮಾತಿಲ್ಲದೆ ಹಾಕಿಕೊಂಡ. ಅವನ ಕೆಲಸ ನೋಡಿದ ಮೊದಲ ದಿನ ನಾನು ಬರೆದುಕೊಳ್ಳುವುದನ್ನು ಮರೆತು ನಿಂತೆ. ಆ ರಾಕ್ಷಸ ಬಕೆಟ್ಟಿನಲ್ಲಿ ಅವನು ನೆಲವನ್ನು ಹಾಲಿನ ಕೆನೆ ತೆಗೆದ ಹಾಗೆ ತೆಗೆಯುತ್ತಿದ್ದ. ಮೊದಲು ಕೆಂಪು ಗರಸು, ಅದರ ಕೆಳಗೆ ಬೂದಿ, ಅದರ ಕೆಳಗೆ ಕೆಸರಿನಂಥ ಬೂದುಬಣ್ಣದ ಹೊಲಸು. ಒಂದರೊಳಗೊಂದು ಬೆರೆಯಲು ಬಿಡದೆ ಬೇರೆ ಬೇರೆ ಗಾಡಿಗೆ ತುಂಬುತ್ತಿದ್ದ.

‘ನಿಮಗೆ ಮೇಲಿನಿಂದ ಹೇಗೆ ಗೊತ್ತಾಗುತ್ತೆ?’ ಎಂದು ಕೇಳಿದೆ.

‘ಹಲ್ಲಿಗಿ ಗೊತ್ತಾಗ್ತೈತ್ರಿ ಮೇಡಂ,’ ಎಂದ. ಬಕೆಟ್ಟಿನ ಹಲ್ಲು ಎಂದು ಆಮೇಲೆ ತಿಳಿಯಿತು. ‘ಹಾಕಿದ ಮಣ್ಣು ಸುಮ್ಮ ಬರ್ತೈತಿ. ಹುಟ್ಟಿದ ಮಣ್ಣು ಜಗ್ಗತೈತಿ. ಕೈಯಾಗ ಬರ್ತೈತಿ ಅದು.’

ಫೆಬ್ರವರಿ ಕಳೆಯಿತು, ಮಾರ್ಚ್ ಕಳೆಯಿತು. ಬಿಳಿ ಅಂಗಿಯೊಳಗೆ ಬೆವರು ಬೂಟಿನವರೆಗೂ ಇಳಿದು, ಬೂಟು ಬಿಚ್ಚಿದರೆ ನೀರು ಚೆಲ್ಲುತ್ತಿತ್ತು. ಗಾಡಿಗಳು ಹೊಲಸನ್ನು ಹೊತ್ತು ದೂರದ, ಅದಕ್ಕೆಂದೇ ಕಟ್ಟಿದ ಜಾಗಕ್ಕೆ ಹೋಗುತ್ತಿದ್ದವು. ಆ ಹೊಲಸಿನ ಬಾಳೆಹಣ್ಣಿನ ವಾಸನೆ ನನ್ನ ಊಟಕ್ಕೆ, ನನ್ನ ತಲೆದಿಂಬಿಗೆ ಅಂಟಿಕೊಂಡಿತ್ತು. ಶರಣಮ್ಮ ದಿನವೂ ಗುಂಡಿಯ ಸುತ್ತ ಕಟ್ಟಿದ್ದ ಎಚ್ಚರಿಕೆಯ ಟೇಪಿನ ಆಚೆ ಕಲ್ಲಿನ ಮೇಲೆ ಕೂತು ನೋಡುತ್ತಿದ್ದಳು. ಊರಿನಿಂದ ಮಾತ್ರ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ.

ಏಪ್ರಿಲ್ ಮೊದಲ ವಾರ, ಮಧ್ಯಾಹ್ನ, ಖಾಜಾಸಾಬ ಯಂತ್ರ ನಿಲ್ಲಿಸಿ ನನ್ನನ್ನು ಕೈಮಾಡಿ ಕರೆದ. ‘ಜಗ್ಗಿತ್ರಿ,’ ಎಂದ. ಕೆಳಗಿಳಿದು ನೋಡಿದೆ. ಬೂದು ಹೊಲಸಿನ ಕೊನೆಯ ಪದರ ಎದ್ದ ಕಡೆ ಕಪ್ಪು ಕಂಡಿತು. ಅಂಥ ಕಪ್ಪನ್ನು ನಾನು ಆ ಮೊದಲು ನೋಡಿರಲಿಲ್ಲ. ಸಾಲು ಸಾಲಾಗಿ ಜೋಳ ಕೊಯ್ದ ಬುಡಗಳು ಹಾಗೇ ನಿಂತಿದ್ದವು, ಅವುಗಳ ನಡುವೆ ಕುಂಟೆ ಹೊಡೆದ ಗೆರೆ. ನಾಲ್ಕು ವರ್ಷ ಅಷ್ಟು ವಿಷದ ಅಡಿಗೆ ಸಿಕ್ಕಿದ್ದ ಹೊಲ ತಾನು ಹೊಲ ಎಂಬುದನ್ನು ಮರೆತಿರಲಿಲ್ಲ. ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ನನಗೆ ದೇವರ ಮೇಲೆ ಅಂಥ ನಂಬಿಕೆಯಿಲ್ಲ, ಆದರೂ ಕೈಗವಸಿನ ಕೈಗಳು ತಾವಾಗಿ ಕೂಡಿಕೊಂಡಿದ್ದವು.

ಆ ತಳದ ಮಣ್ಣನ್ನು ಮಾದರಿಗೆ ತೆಗೆದು ಮೊಹರು ಮಾಡುವಾಗ ಊರಿನವರು ಸಾಕ್ಷಿಗಿರಬೇಕು ಎಂಬುದು ನಿಯಮ. ಊರಿನಲ್ಲಿ ನೀರು ಬಿಡುವವನ ಕೈಯಲ್ಲಿ, ಗುಡಿಯ ಮೈಕಿನಲ್ಲಿ ಹೇಳಲಿ ಎಂದು ಒಂದು ಚೀಟಿ ಕೊಟ್ಟೆ. ‘ಮಾದರಿ ಸಂಗ್ರಹಣೆ’ ಎಂದೆಲ್ಲ ಬರೆದರೆ ಅವನು ತಪ್ಪು ಓದುತ್ತಾನೆ ಎಂಬ ದೊಡ್ಡ ಬುದ್ಧಿವಂತಿಕೆ ನನಗೆ. ಚಿಕ್ಕದಾಗಿ ಬರೆದೆ: ‘ನಾಳೆ ಬೆಳಿಗ್ಗೆ ಎಂಟಕ್ಕೆ ಶರಣಮ್ಮನ ಹೊಲದಲ್ಲಿ ಮಣ್ಣು. ಎಲ್ಲರೂ ಬರಬೇಕು.’ ಅವನು ಚೀಟಿ ಓದಿಕೊಂಡು ನನ್ನ ಮುಖವನ್ನು ಒಂದು ಥರಾ ನೋಡಿದ. ‘ಆತ್ರಿ, ಹೇಳ್ತೀನಿ,’ ಎಂದು ತಲೆ ತಗ್ಗಿಸಿ ಹೋದ.

ಮರುದಿನ ಎಂಟಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ದೂರದಲ್ಲಿ ತಾಳದ ಸದ್ದು ಕೇಳಿಸಿತು. ನೋಡಿದರೆ ಬಂಡಿದಾರಿಯ ತುಂಬ ಜನ. ಮುಂದೆ ಭಜನೆಯವರು, ಅವರ ಹಿಂದೆ ಗಂಡಸರು ಹೂವಿನ ಹಾರ ಹಿಡಿದು, ಅವರ ಹಿಂದೆ ಹೆಂಗಸರು ಸೆರಗು ಬಾಯಿಗಿಟ್ಟು ಅಳುತ್ತ, ಹಾಡಿಕೊಳ್ಳುತ್ತ. ಸಾಕ್ಷಿಗೆ ಇಬ್ಬರು ಮೂವರು ಬಂದರೆ ಹೆಚ್ಚು ಎಂದುಕೊಂಡಿದ್ದ ನಾನು ಕಂಗಾಲಾದೆ.

‘ಮೇಡಂ, ಚೀಟ್ಯಾಗ ಏನ್ ಬರದಿದ್ರಿ?’ ಎಂದು ಖಾಜಾಸಾಬ ಕೇಳಿದ.

‘ಮಣ್ಣು ಅಂತ.’

‘ಖಾಲಿ ಮಣ್ಣು?’

‘ಹೂಂ.’

ಅವನು ಹಣೆ ಬಡಿದುಕೊಂಡ. ‘ಈ ಕಡಿ ಮಣ್ಣು ಅಂದ್ರ ಹೆಣ ಹೂಳೋದ್ರಿ. ಮಣ್ಣಿಗಿ ಹೋಗಿದ್ದೆ ಅಂದ್ರ ಸತ್ತೋರನ್ನ ಹೂಳಾಕ ಹೋಗಿದ್ದೆ ಅಂತ. ನಮ್ಮಲ್ಲೂ ಅಷ್ಟ, ಮಿಟ್ಟಿ ಅಂತೀವಿ. ನೀವು ಆಕಿನ್ನ ಇವತ್ತು ಎಂಟಕ್ಕ ಹೂಳ್ತೀವಿ ಅಂತ ಸಾರಿಸೀರಿ.’

ಶರಣಮ್ಮ ಶೆಡ್ಡಿನ ಮುಂದೆ ಚಹಾದ ಲೋಟ ಹಿಡಿದು ಕೂತಿದ್ದಳು. ಊರು ದೂರ, ಮೈಕಿನ ಮಾತು ಅಲ್ಲಿಗೆ ಮುಟ್ಟಿರಲಿಲ್ಲ. ಮುಂದಿದ್ದ ಭಜನೆಯವರು ಅವಳನ್ನು ಕಂಡು ತಾಳ ನಿಲ್ಲಿಸಿದರು. ಹಿಂದಿನವರಿಗೆ ಗೊತ್ತಾಗದೆ ಮುಂದಿನವರ ಮೇಲೆ ಬಂದು ಬಿದ್ದರು. ಹೆಂಗಸರ ಅಳು ಅರ್ಧಕ್ಕೆ ನಿಂತಿತು. ನಾನು ನೆಲ ಬಾಯಿ ಬಿಟ್ಟರೆ ಸಾಕು, ಒಳಗೆ ಹೋಗುತ್ತೇನೆ ಎಂದುಕೊಂಡು ನಿಂತಿದ್ದೆ. ಯಾರೋ ಅವಳಿಗೆ ವಿಷಯ ಹೇಳಿದರು. ಅವಳು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು, ಅವಸರವಿಲ್ಲದೆ.

‘ಮೂರು ವರ್ಷಾತು, ಒಬ್ಬರೂ ಈ ಹೊಲದ ಕಡಿ ಹಾದಿಲ್ಲ,’ ಎಂದಳು. ‘ಸತ್ತಾಳ ಅಂದ ಕೂಡ್ಲೆ ಬಂದೀರಿ. ಛಲೋ ಆತು, ನೋಡೇ ಹೋದಂಗಾತು. ಕೂಡ್ರಿ, ಚಾ ಮಾಡ್ತೀನಿ.’

ಯಾರೂ ನಗಲಿಲ್ಲ. ಒಬ್ಬ ಮುದುಕಿ ಮುಂದೆ ಬಂದು, ಶರಣಮ್ಮನ ಕೈಯಲ್ಲಿದ್ದ ಲೋಟವನ್ನೇ ತೆಗೆದುಕೊಂಡು, ಉಳಿದ ಅರ್ಧ ಚಹಾ ಕುಡಿದಳು. ಅದಾದ ಮೇಲೆ ಎಲ್ಲರೂ ಬದುವಿನ ಮೇಲೆ ಕೂತರು. ನನ್ನ ಎದೆ ತುಂಬಿ ಬಂತು, ಜೊತೆಗೇ ನಗುವೂ ಬರುತ್ತಿತ್ತು. ಎರಡನ್ನೂ ಅಡಗಿಸಿಕೊಂಡು ಶೀಶೆ ಎಣಿಸುತ್ತ ನಿಂತೆ.

ಸಿದ್ದಪ್ಪ ಮಾತ್ರ ಕೂರಲಿಲ್ಲ. ಅರವತ್ತರ ಹತ್ತಿರದ ಭಾರೀ ಮೈಯವನು, ಅತ್ತಿಗೆಯ ಮೇಲೆ ಅವನಷ್ಟು ಕೂಗಾಡಿದವರು ಊರಿನಲ್ಲಿ ಬೇರೆ ಇರಲಿಲ್ಲ. ಅವನ ಕೈಯಲ್ಲಿಯೂ ಹಾರ ಇತ್ತು. ಟೇಪಿನ ಹತ್ತಿರ ನಿಂತು ಗುಂಡಿಯೊಳಗೆ ನೋಡುತ್ತಿದ್ದ. ಕಪ್ಪು ನೆಲದಲ್ಲಿ ಒಂದು ಕಡೆ ಎರಡು ಅಗಲ ಗೆರೆಗಳು ಮೊಳಕಾಲಾಳ ಇಳಿದು, ಅವುಗಳ ತುಂಬ ಬೂದು ಹೊಲಸು ಅಚ್ಚಿನಂತೆ ಗಟ್ಟಿಯಾಗಿತ್ತು. ನಾನು ಅದನ್ನು ನೋಡಿದ್ದೆ, ಲಾರಿಯ ಗಾಲಿ ಎಂದು ಬರೆದುಕೊಂಡಿದ್ದೆ, ಅಷ್ಟೇ.

‘ಮೇಡಮ್ಮೋರೆ,’ ಎಂದ ಅವನು. ‘ಎರಿ ಬಾಯಿ ಬಿಟ್ಟಿತ್ತು, ವಿಷ ಒಳಗ ಇಳಿದದ ಅಂತ ನೀವು ಬರದೀರಂತ. ಖರೇ ಏನು?’

‘ಹೌದು.’

‘ಬಾಯಿ ಬಿಟ್ಟಿದ್ದಿಲ್ಲ. ಆವತ್ತು ಜಿಟಿ ಜಿಟಿ ಮಳಿ. ಹತ್ತು ದಿನದಿಂದ ಹಿಡದಿತ್ತು. ಎರಿ ನೀರ ಕುಡದು ಉಬ್ಬಿತ್ತು, ಬಾಯಿ ಕಟ್ಟಿ ಮುಚ್ಚಿತ್ತು. ಲಾರಿ ಹುಗದ್ವು ಇಲ್ಲಿ, ನೋಡ್ರಿ ಗಾಲಿ.’

‘ನಿಮಗೆ ಹೇಗೆ ಗೊತ್ತು?’

ಅವನು ಹಾರದ ಹೂ ಒಂದೊಂದಾಗಿ ಕೀಳುತ್ತಿದ್ದ. ‘ನಾನ ಜಗ್ಗಿ ತಗದೀನಿ,’ ಎಂದ. ‘ನನ್ನ ಟ್ರ್ಯಾಕ್ಟರಿಲೆ. ಎರಡು ಸಲ. ಒಳಗ ಏನದ ಅಂತ ನಾನೂ ಕೇಳಲಿಲ್ಲ. ನನ್ನ ಬೋರು ಕೆಟ್ಟ ಮ್ಯಾಲ ಹೇಳಾಕ ಬಾಯಿ ಬರಲಿಲ್ಲ. ವೈನಿ ಹೆಸರ ಹೇಳ್ಕೋತ ಅಡ್ಡಾಡಿದೆ. ನಿನ್ನೆ ಮೈಕಿನ್ಯಾಗ ಕೇಳಿ, ಆಕಿ ಹೊತಗೊಂಡ ಹೋದಳಲ್ಲೋ ನನ್ನ ತಪ್ಪೂ ಅಂತ ಅನಿಸ್ತು.’

ಶರಣಮ್ಮ ಅವನ ಕಡೆ ನೋಡಲಿಲ್ಲ. ‘ಹಾರ ಯಾಕ ಕೆಡಿಸ್ತಿ, ಇಲ್ಲಿ ಕೊಡು,’ ಎಂದಳು. ಕೊಟ್ಟ. ಅವಳು ಅದನ್ನು ಶೆಡ್ಡಿನ ಮೊಳೆಗೆ ತಗುಲಿ ಹಾಕಿದಳು.

ನನ್ನ ನಮೂನೆಯಲ್ಲಿ ಎಷ್ಟು ತುಂಬಿದರು, ಏನು ತುಂಬಿದರು, ಎಷ್ಟು ಆಳ ಎಂಬುದಕ್ಕೆಲ್ಲ ಕಾಲಂ ಇದೆ. ಯಾವ ತಿಂಗಳು ಎಂಬುದಕ್ಕಿಲ್ಲ. ಅಷ್ಟು ದಿನ ಆ ನೆಲದ ಮೇಲೆ ಓಡಾಡಿ ಒಬ್ಬರನ್ನೂ ನಾನು ಅದನ್ನು ಕೇಳಿರಲಿಲ್ಲ. ಒದ್ದೆಯಾದ ಎರೆ ಉಬ್ಬಿ ಬಿರುಕು ಮುಚ್ಚಿಕೊಂಡರೆ ಅದರಲ್ಲಿ ನೀರೂ ಇಳಿಯುವುದಿಲ್ಲ ಎಂದು ಪುಸ್ತಕದ ಅದೇ ಪುಟದಲ್ಲೇ ಇತ್ತು. ಹಾಗಾದರೆ ಸಿದ್ದಪ್ಪನ ಬೋರಿಗೆ ವಿಷ ಹೋದದ್ದು ಹೊಲದ ಮೂಲಕ ಅಲ್ಲ, ಒಂದೇ ದಾರಿ, ನೆಲದಾಳಕ್ಕೆ ಇಳಿದಿದ್ದ ಆ ಬಾವಿ. ಹೊಲ ಉಳಿದಿರಬಹುದು. ನಾನು ಗಾಲಿಯ ಗೆರೆಯ ಅಡಿಯಿಂದಲೇ ಮೊದಲ ಶೀಶೆಗೆ ಮಣ್ಣು ತೆಗೆದೆ.

ಆಗ ಆ ಮುದುಕಿ ಮೇಲಿನಿಂದ ಕೂಗಿ ಹೇಳಿದಳು, ‘ಎವ್ವಾ, ಬಿಸಿಲಿಗಿ ಹಂಗ ಬಿಟ್ರ ನಾಲ್ಕ ದಿನದಾಗ ಬಾಯಿ ಬಿಡ್ತದ ಅದು. ಉಳದದ್ದೆಲ್ಲ ಒಳಗ ಇಳೀತದ. ಮುಚ್ಚು ಅದನ್ನ.’

ಅವಳ ಮಾತು ಸರಿ. ಅಷ್ಟು ವರ್ಷ ತಂಪಾಗಿದ್ದ ಎರೆಯನ್ನು ನಾವೇ ಏಪ್ರಿಲ್ ಬಿಸಿಲಿಗೆ ತೆರೆದಿಟ್ಟಿದ್ದೆವು, ಅಲ್ಲಲ್ಲಿ ಹೊಲಸು ಇನ್ನೂ ಅಂಟಿಕೊಂಡಿತ್ತು, ಬಾವಿಯನ್ನು ಇನ್ನೂ ಮುಟ್ಟಿರಲಿಲ್ಲ. ನಮ್ಮಲ್ಲಿದ್ದ ಟಾರ್ಪಾಲು ಕಾಲು ಭಾಗಕ್ಕೂ ಸಾಲದು. ಕಂಪನಿಗೆ ಹೇಳಿ ಅಷ್ಟು ದೊಡ್ಡದನ್ನು ತರಿಸುವ ಹೊತ್ತಿಗೆ ವಾರ ಕಳೆದುಹೋಗುತ್ತಿತ್ತು. ಮಣ್ಣಿಗೆ ಬಂದಿದ್ದ ಜನ ಎದ್ದು ಊರಿಗೆ ಹೋದರು. ಸಾವಿನ ಮನೆಯ ತಾಳ ಹಿಡಿದು ಬಂದವರು ಮಧ್ಯಾಹ್ನದೊಳಗೆ ಗೋಣಿತಟ್ಟು ಹೊತ್ತು ಬಂದರು. ತೊಗರಿ ತುಂಬುವ ಗೋಣಿ, ಹತ್ತಿ ತುಂಬುವ ಗೋಣಿ, ಒಬ್ಬಳು ತಾನು ಮಲಗುವ ಕೌದಿಯನ್ನೂ ತಂದಿದ್ದಳು, ಬೇಡವೆಂದರೂ ಕೇಳಲಿಲ್ಲ. ಅವರನ್ನು ಟೇಪಿನ ಒಳಗೆ ಬಿಡುವಂತಿರಲಿಲ್ಲ. ಹೊರಗೆ ಟ್ಯಾಂಕರಿನ ನೀರಿನಲ್ಲಿ ಅದ್ದಿ, ಹಿಂಡಿ ಕೊಟ್ಟರು, ನಮ್ಮ ಆಳುಗಳು ಒಳಗೆ ಹಾಸಿದರು. ಸಂಜೆಯ ಹೊತ್ತಿಗೆ ಕಪ್ಪು ನೆಲ ಪೂರಾ ಮುಚ್ಚಿತ್ತು.

ಐದು ವಾರ ಆ ಹಸಿ ಗೋಣಿಗಳು ಒಣಗಲಿಲ್ಲ. ದಿನವೂ ಯಾರೋ ಬರುತ್ತಿದ್ದರು. ಆ ಮನೆಯವರು ಬೆಳಿಗ್ಗೆ, ಈ ಮನೆಯವರು ಮಧ್ಯಾಹ್ನ, ಪಾಳಿ ಯಾರು ಹಚ್ಚಿದರೋ ನನಗೆ ತಿಳಿಯಲಿಲ್ಲ. ತಮ್ಮ ಕುಡಿಯುವ ನೀರಿನ ಟ್ಯಾಂಕರಿನಿಂದ ಮೊದಲು ನಾಲ್ಕು ಕೊಡ ನೆಲಕ್ಕೆ, ಆಮೇಲೆ ಮನೆಗೆ. ಖಾಜಾಸಾಬ ಒಂದೊಂದು ಪಟ್ಟಿ ಗೋಣಿ ಸರಿಸಿ, ಕೆಳಗಿನ ನೆಲವನ್ನು ಒಂದು ಗೇಣು ಕೆನೆ ತೆಗೆದು, ಮತ್ತೆ ಮುಚ್ಚಿಸುತ್ತಿದ್ದ. ರಂಜಾನ್ ಉಪವಾಸವನ್ನು ಅದೇ ಯಂತ್ರದ ಮೇಲೆ ಮುಗಿಸಿದವನು, ಈ ಬಿಸಿಲಿಗೆ ಹೆದರುತ್ತೀನಾ ಎಂದು ನಗುತ್ತಿದ್ದ. ಆ ಜನ, ಆ ನೀರು, ಆ ಮುದುಕನ ಕೈ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅದಕ್ಕಿಂತ ದೊಡ್ಡದನ್ನು ನಾನು ನೋಡಿಲ್ಲ.

ಬಾವಿಯಿಂದ ಡ್ರಮ್ಮುಗಳು ಎದ್ದವು, ತುಕ್ಕು ಹಿಡಿದು ಸೋರಿದ್ದವು. ಕಲ್ಲಿನ ಸಂದು ಸಂದಿನಲ್ಲಿ ವಿಷ ಕೂತಿತ್ತು. ಮೇ ಕೊನೆಗೆ ಪ್ರಯೋಗಶಾಲೆಯ ಕಾಗದ ಬಂತು. ಯಾದಗಿರಿಯ ಕೋಣೆಯಲ್ಲಿ ಮೂರು ಸಲ ಓದಿದೆ. ಹೊಲದ ತಳ, ಎಲ್ಲ ಕಡೆಯೂ, ಒಂದು ಗೇಣಿನ ಕೆಳಗೆ ಶುದ್ಧ. ಎರೆ ಬಾಯಿ ಮುಚ್ಚಿಕೊಂಡು ತನ್ನ ಮೇಲೆ ಸುರಿದದ್ದನ್ನೆಲ್ಲ ತಡೆದು ಹಿಡಿದಿತ್ತು. ಬಾವಿ ಮಾತ್ರ ಉಳಿಯಲಿಲ್ಲ. ಅದನ್ನು ತಳದಿಂದ ಬಾಯಿಯವರೆಗೆ ಜೇಡಿ ಬಡಿದು ಶಾಶ್ವತವಾಗಿ ಮುಚ್ಚಬೇಕಿತ್ತು. ಸಿದ್ದಪ್ಪನ ಬೋರಿನ ನೀರನ್ನು ಇನ್ನೂ ಕೆಲವು ವರ್ಷ ಯಾರೂ ಮುಟ್ಟುವಂತಿರಲಿಲ್ಲ.

‘ಮುಚ್ಚು,’ ಎಂದಳು ಶರಣಮ್ಮ, ಬಾವಿಯ ಮಾತಿಗೆ. ಮಾವ ತೋಡಿಸಿದ್ದು, ಮದುವೆಯಾಗಿ ಬಂದ ವರ್ಷ ಅದರ ನೀರು ಹೊತ್ತಿದ್ದಳು. ಅಂದು ಮಾತ್ರ ಅವಳು ಶೆಡ್ಡಿನೊಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ತಗ್ಗನ್ನು ಮತ್ತೆ ತುಂಬಬೇಕಲ್ಲ, ಅದಕ್ಕೆ ಊರಿನವರೇ ಮಣ್ಣು ಕೊಟ್ಟರು. ಪ್ರತಿ ಮನೆಯಿಂದ ಟ್ರಾಲಿ, ಅವರವರ ಹೊಲದ ಎರೆ. ನಾನು ಪರೀಕ್ಷೆ ಮಾಡಿ ಒಪ್ಪಿದ ಮೇಲೂ ಶರಣಮ್ಮ ಟ್ರಾಲಿಗಳನ್ನು ಸುಮ್ಮನೆ ಬಿಡಲಿಲ್ಲ. ಹೊಲದ ದಾರಿಯ ಬಾಯಿಗೆ ಅಡ್ಡ ನಿಂತು, ಒಂದೊಂದನ್ನೂ ತಡೆದು, ಹೆಂಟೆ ಒಡೆದು, ಮೂಸಿ, ಬೆರಳಲ್ಲಿ ಉಜ್ಜಿ ನೋಡಿ ಒಳಗೆ ಬಿಟ್ಟಳು. ಒಬ್ಬನ ಮಣ್ಣಿನಲ್ಲಿ ಗುಟಕಾ ಚೀಟಿ ಸಿಕ್ಕಿತೆಂದು ಇಡೀ ಟ್ರಾಲಿಯನ್ನು ಹಿಂದಕ್ಕೆ ಕಳಿಸಿದಳು. ಸಿದ್ದಪ್ಪ ತನ್ನ ಸರದಿ ಬಂದಾಗ ಟ್ರ್ಯಾಕ್ಟರ್ ನಿಲ್ಲಿಸಿ ತಾನೇ ಇಳಿದು, ಒಂದು ಬೊಗಸೆ ತುಂಬಿ ಅವಳ ಮುಂದೆ ಹಿಡಿದು ನಿಂತ. ಎಲ್ಲರದಕ್ಕಿಂತ ಹೆಚ್ಚು ಹೊತ್ತು ಅವನದನ್ನು ನೋಡಿದಳು.

ಕೊನೆಯ ಟ್ರಾಲಿ ಬಿದ್ದ ನಾಲ್ಕನೆಯ ದಿನ ಮಿರಗ ಕೂಡಿತು. ನಾನು ಹೊರಡುವ ಮುನ್ನ ಶರ್ತು ತಿಳಿಸಬೇಕಿತ್ತು. ತೊಗರಿ ಬಿತ್ತಬಹುದು, ಆದರೆ ಮೊದಲ ಬೆಳೆಯನ್ನು ಪರೀಕ್ಷೆಗೆ ಕಳಿಸಿ ಉಳಿದದ್ದನ್ನು ಸುಡಬೇಕು, ಒಂದು ಕಾಳೂ ಯಾರ ಬಾಯಿಗೂ ಹೋಗಕೂಡದು. ಅವಳು ಎಲ್ಲ ಕೇಳಿಸಿಕೊಂಡಳು.

‘ಅದರ ಮುಂದಿಂದು?’

‘ಮೊದಲನೆಯದು ಪಾಸಾದರೆ ಎರಡನೆಯದು ಉಣ್ಣಬಹುದು.’

‘ಉಣಬಹುದು ಅಂತ ಕಾಗದದಾಗ ಬರೀತಿ,’ ಎಂದಳು. ‘ನೀ ಉಣ್ತಿಯೇನು?’

ಉಣ್ಣುತ್ತೇನೆ ಎಂದು ಥಟ್ಟನೆ ಹೇಳಿಬಿಡಬಹುದಿತ್ತು. ಅವಳ ಮುಂದೆ ಅದು ಆಗಲಿಲ್ಲ. ‘ಕಳಿಸು, ನೋಡ್ತೀನಿ,’ ಎಂದೆ. ಅವಳು ತಲೆ ಆಡಿಸಿದಳು, ಬೇಸರ ಮಾಡಿಕೊಳ್ಳಲಿಲ್ಲ.

ಮೊದಲ ಬೆಳೆ ಎದೆಯುದ್ದ ಬಂದಿತ್ತಂತೆ. ಅದು ನಮ್ಮಲ್ಲಿಗೇ ಪರೀಕ್ಷೆಗೆ ಬಂತು, ಪಾಸಾಯಿತು. ಉಳಿದದ್ದನ್ನು ಅವಳೇ ನಿಂತು ಸುಡಿಸಿದಳು ಎಂದು ಖಾಜಾಸಾಬ ಫೋನಿನಲ್ಲಿ ಹೇಳಿದ. ಮರುವರ್ಷ ಫೆಬ್ರವರಿಯಲ್ಲಿ ಒಂದು ಬಿಳಿ ಬಟ್ಟೆಯ ಗಂಟು ಬಂತು, ಎರಡನೆಯ ಬೆಳೆಯ ಎರಡು ಸೇರು ತೊಗರಿಬೇಳೆ, ಮನೆಯಲ್ಲೇ ಬೀಸಿ ಒಡೆದದ್ದು. ನಾನು ಅಭ್ಯಾಸದಂತೆ ಒಂದು ಶೀಶೆ ತೆಗೆದೆ. ಚೀಟಿ ಅಂಟಿಸಿ ದಿನಾಂಕ ಬರೆದೆ, ಸ್ಥಳ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಆ ಶೀಶೆಯನ್ನು ತೊಳೆದು ಬೋರಲು ಹಾಕಿ, ಬೇಳೆಯನ್ನು ಕುಕ್ಕರಿಗೆ ಹಾಕಿದೆ. ಬೇಗ ಬೆಂದಿತು. ಬಿಸಿ ಅನ್ನ, ತುಪ್ಪ, ಉಪ್ಪು, ಮತ್ತೇನೂ ಇಲ್ಲ. ಎರಡು ಸಲ ಹಾಕಿಸಿಕೊಂಡು ಉಂಡೆ. ಕೈ ತೊಳೆದು ಅವಳಿಗೆ ಫೋನ್ ಮಾಡಿದೆ.

ಹಲೋ ಅನ್ನಲೂ ಬಿಡಲಿಲ್ಲ. ‘ಉಂಡಿಯೇನವಾ?’ ಎಂದಳು.

‘ಉಂಡೆ ಶರಣಮ್ಮ.’

ಅವಳು ಫೋನು ಬಾಯಿಂದ ದೂರ ಮಾಡಿ, ಅಲ್ಲಿ ಹತ್ತಿರ ಇದ್ದವರಿಗೆ ಹೇಳಿದ್ದು ನನಗೆ ಕೇಳಿಸಿತು.

‘ಸಿದ್ದಪ್ಪಾ, ಉಂಡಾಳಂತ.’